ಸ್ವಂತ ಆನ್‌ಲೈನ್ ಅಂಗಡಿ: ಅಳ್ನಾವರ ಸೀಮೆಯ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಳ್ನಾವರ ಮತ್ತು ಸುತ್ತಲಿನ ತಾಲ್ಲೂಕುಗಳವು. ಕೈಯಲ್ಲಿ ಕಸುಬು ಇದೆ, ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ನಡುವೆ ಒಂದು ದೊಡ್ಡ ಅಂಜಿಕೆಯೂ ಇದೆ. ಆ ಅಂಜಿಕೆಗೆ ಕಾರಣಗಳಿವೆ. ಆದ್ದರಿಂದ ಅವಸರ ಮಾಡದೆ ಒಂದೊಂದಾಗಿ ನೋಡೋಣ. ಪತ್ರ ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ನಾನು ಅಳ್ನಾವರದ ಗೃಹಿಣಿ. ಬಹಳ ವರ್ಷಗಳಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಪರಿಚಯದವರಿಗೆ, ಮದುವೆ ಮನೆಗಳಿಗೆ ಕೊಡುತ್ತ ಬಂದಿದ್ದೇನೆ. ಬೆಂಗಳೂರಿನಲ್ಲಿರುವ ಮಗ ‘ಅವ್ವಾ, ವೆಬ್‌ಸೈಟ್ ಮಾಡೂಣು’ ಅಂತಾನೆ. ನನಗೆ ಇಂಗ್ಲಿಷ್ ಬರೂದಿಲ್ಲ. ಕೂಡಿಟ್ಟ ನಾಲ್ಕು ಕಾಸೂ ಇದರಾಗ ಹೋದರ ಏನು ಮಾಡಲಿ ಅಂತ ಹೆದರಿಕೆ. ಎಲ್ಲಿಂದ ಶುರು ಮಾಡಬೇಕು?

ನಿಮಗಿರುವ ಭಯ ಎರಡು: ಭಾಷೆ ಬರುವುದಿಲ್ಲ ಎಂಬುದು ಒಂದು, ದುಡ್ಡು ಹೋದೀತು ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ನೀವು ನಿಶ್ಚಿಂತರಾಗಿರಿ. ಕೊಳ್ಳುವವರು ನಿಮ್ಮ ರೊಟ್ಟಿಯನ್ನು ನೋಡಿ ಕೊಳ್ಳುತ್ತಾರೆ, ನಿಮ್ಮ ಇಂಗ್ಲಿಷನ್ನು ನೋಡಿ ಅಲ್ಲ. ಅಂಗಡಿಯ ಪುಟವನ್ನು ಪೂರ್ತಿ ಕನ್ನಡದಲ್ಲೇ ಇಡಬಹುದು. ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಕಡೆಯವರಿಗೆ ‘ಶೇಂಗಾ ಹಿಂಡಿ’ ಎಂಬ ಎರಡು ಪದ ಕಂಡರೆ ಸಾಕು, ಮುಂದಿನದನ್ನು ಅವರೇ ಓದಿಕೊಳ್ಳುತ್ತಾರೆ.

ಎರಡನೆಯ ಭಯ ಒಳ್ಳೆಯದು, ಅದನ್ನು ಬಿಡಬೇಡಿ. ಈ ಕೆಲಸದಲ್ಲಿ ಹಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಮೊದಲು ಅಂಗಡಿ ಕಟ್ಟಿಸಿ, ಆಮೇಲೆ ಪಾರ್ಸೆಲ್ ಹೇಗೆ ಕಳಿಸುವುದೆಂದು ಯೋಚಿಸಿದವರು. ನೀವು ತಿರುವುಮುರುವು ಮಾಡಿ. ವೆಬ್‌ಸೈಟ್ ಮಾತನ್ನು ಮೂರು ತಿಂಗಳು ಬದಿಗಿಡಿ. ಮೊದಲು ನಿಮ್ಮ ರೊಟ್ಟಿ ಬೆಂಗಳೂರಿಗೆ ಮುರಿಯದೆ ಹೋಗುತ್ತದೆಯೇ ನೋಡೋಣ.

ಮಗನ ವಿಳಾಸಕ್ಕೇ ಒಂದು ಪಾರ್ಸೆಲ್ ಕಳಿಸಿ. ರೊಟ್ಟಿ ಪೂರ್ತಿ ಆರಿದ ಮೇಲೆ ಕಟ್ಟಬೇಕು. ಒಳಗೆ ಸ್ವಲ್ಪ ಬಿಸಿ ಉಳಿದರೂ ಕವರಿನಲ್ಲಿ ಬೆವರೊಡೆದು ಮಾರನೆಯ ದಿನಕ್ಕೆ ಮೆತ್ತಗಾಗುತ್ತದೆ. ಹದಿನೈದು ಹದಿನೈದರ ಅಡಕಲು ಮಾಡಿ, ಅಡಕಲಿನ ಕೆಳಗೂ ಮೇಲೂ ರೊಟ್ಟಿಯಷ್ಟೇ ಅಗಲಕ್ಕೆ ಕತ್ತರಿಸಿದ ದಪ್ಪ ರಟ್ಟು ಇಟ್ಟು, ಗಾಳಿಯಾಡದಂತೆ ಕವರ್ ಸೀಲ್ ಮಾಡಿ. ಹೊರಗಿನ ರಟ್ಟಿನ ಡಬ್ಬಿ ಅಡಕಲಿಗಿಂತ ಎರಡು ಬೆರಳಷ್ಟೇ ದೊಡ್ಡದಿರಲಿ. ಆ ಸಂದಿಗೆ ಮುದುಡಿದ ಪೇಪರ್ ತುಂಬಿ. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಾಗ ಒಳಗೆ ಏನೂ ಸಪ್ಪಳ ಆಗಬಾರದು. ಆಮೇಲೆ ಸೊಂಟದ ಎತ್ತರದಿಂದ ಒಂದು ಸಲ ನೆಲಕ್ಕೆ ಬೀಳಿಸಿ, ಬಿಚ್ಚಿ, ಎಷ್ಟು ಮುರಿದಿವೆ ಎಣಿಸಿ. ಮನಸ್ಸಿಗೆ ಕಷ್ಟವಾಗಬಹುದು. ಆದರೆ ದಾರಿಯಲ್ಲಿ ಲಾರಿಯಿಂದ ಲಾರಿಗೆ ಎಸೆಯುವವರು ಇದಕ್ಕಿಂತ ಮೃದುವಾಗಿ ಎಸೆಯುವುದಿಲ್ಲ.

ನಿಮ್ಮೂರಿನದೇ ಇನ್ನೊಂದು ಸಂಗತಿ. ಅಳ್ನಾವರ ಅರೆಮಲೆನಾಡು. ಮಿರಗದ ಮಳೆ ಹಿಡಿದ ಮೇಲೆ ಗಾಳಿಯಲ್ಲೇ ತೇವ. ನವಲಗುಂದದಲ್ಲಿ ತಿಂಗಳುಗಟ್ಟಲೆ ಗರಿಗರಿ ಉಳಿಯುವ ರೊಟ್ಟಿ ನಿಮ್ಮಲ್ಲಿ ಆಷಾಢ ಶ್ರಾವಣದಲ್ಲಿ ಹಾಗೆ ಉಳಿಯದು. ಆ ತಿಂಗಳುಗಳಲ್ಲಿ ಹಿಂಡಿಗಳನ್ನು ಮಾತ್ರ ಮಾರಿದರೂ ತಪ್ಪಿಲ್ಲ. ‘ಮಳೆಗಾಲದಲ್ಲಿ ರೊಟ್ಟಿ ಇಲ್ಲ’ ಎಂದು ಪುಟದಲ್ಲಿ ಬರೆದ ಅಂಗಡಿಯನ್ನು ಜನ ಇನ್ನಷ್ಟು ನಂಬುತ್ತಾರೆಂಬುದು ನನ್ನ ಅಭಿಪ್ರಾಯ.

ಇನ್ನು ಬೆಲೆ. ಹೆಣ್ಣುಮಕ್ಕಳು ನಡೆಸುವ ಮನೆ ಉದ್ಯಮಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ತಮ್ಮ ಕೈದುಡಿಮೆಗೆ ಅವರು ಲೆಕ್ಕವನ್ನೇ ಹಾಕುವುದಿಲ್ಲ. ಉದಾಹರಣೆಗೆ ಮೂವತ್ತು ರೊಟ್ಟಿಯ ಒಂದು ಕಟ್ಟು ಹಿಡಿಯೋಣ. ಅಂಕಿಗಳನ್ನು ನಿಮ್ಮ ಮನೆಯ ಲೆಕ್ಕಕ್ಕೆ ತಿದ್ದಿಕೊಳ್ಳಿ. ಹಿಟ್ಟು, ಎಳ್ಳಿಗೆ 90 ರೂಪಾಯಿ, ಗ್ಯಾಸಿಗೆ 30, ನಿಮ್ಮ ಕೂಲಿ 120, ಡಬ್ಬಿ, ಕವರು, ಟೇಪಿಗೆ 35, ಮುರಿದು ಹೋಗುವುದಕ್ಕೆಂದು 15. ಒಟ್ಟು 290. ಇದನ್ನು 350ಕ್ಕೆ ಮಾರಿ, ಕೊರಿಯರ್‌ಗೆ 100 ರೂಪಾಯಿ ಬೇರೆ ಪಡೆದಿರಿ ಎನ್ನಿ. ಪೇಮೆಂಟ್ ಗೇಟ್‌ವೇ (ಗ್ರಾಹಕರು ಕೊಟ್ಟ ಹಣವನ್ನು ನಿಮ್ಮ ಬ್ಯಾಂಕ್ ಖಾತೆಗೆ ತಲುಪಿಸುವ ಸೇವೆ) ಶೇ 2ರ ಸುಮಾರಿಗೆ ಶುಲ್ಕ ಹಿಡಿಯುತ್ತದೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. 450ಕ್ಕೆ ಅದು 10 ರೂಪಾಯಿ 62 ಪೈಸೆ. ನಿಮಗೆ ಉಳಿಯುವುದು 49 ರೂಪಾಯಿ.

ಈಗ ಪಕ್ಕದವರನ್ನು ನೋಡಿ ನೀವೂ ‘ಉಚಿತ ಡೆಲಿವರಿ’ ಎಂದು ಬರೆದು 350ಕ್ಕೇ ಕಳಿಸಿದಿರಿ ಎನ್ನಿ. ಅದೇ ಕಟ್ಟಿನ ಮೇಲೆ 48 ರೂಪಾಯಿ ಕೈಬಿಟ್ಟು ಹೋಗುತ್ತದೆ. ಆರ್ಡರ್ ಹೆಚ್ಚಿದಷ್ಟೂ ನಷ್ಟ ಹೆಚ್ಚುತ್ತದೆ. ಒಂದೇ ಪಾರ್ಸೆಲ್‌ನಲ್ಲಿ ರೊಟ್ಟಿ, ಎರಡು ಬಗೆಯ ಹಿಂಡಿ, ಕೆಂಪು ಖಾರ ಸೇರಿಸಿ ಕಳಿಸಿದರೆ ಕೊರಿಯರ್ ಖರ್ಚು ಹಂಚಿ ಹೋಗುತ್ತದೆ. ನಿಮ್ಮಂಥವರಿಗೆ ಸರಿಹೊಂದುವುದು ಇಂಥ ಕೂಡುಕಟ್ಟು.

ಕಾಗದಪತ್ರದ ಮಾತು. ತಿನಿಸು ಮಾರಲು ಎಫ್‌ಎಸ್‌ಎಸ್‌ಎಐ (ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಕಡ್ಡಾಯ. ಚಿಕ್ಕ ತಯಾರಕರಿಗೆ ದೊಡ್ಡ ಲೈಸೆನ್ಸ್ ಬೇಡ, ಸರಳ ನೋಂದಣಿ ಸಾಕು. ಫಾಸ್ಕಾಸ್ ಎಂಬ ಸರ್ಕಾರಿ ತಾಣದಲ್ಲಿ ಮಗನೇ ಅರ್ಜಿ ಹಾಕಬಹುದು. ಸರ್ಕಾರಿ ಶುಲ್ಕ ತೀರಾ ಕಡಿಮೆ. ಸಾವಿರಗಟ್ಟಲೆ ಕೇಳುವವರು ಸಿಕ್ಕರೆ ಅದು ಅವರ ಜೇಬಿಗೆ ಎಂದು ತಿಳಿಯಿರಿ. ಸಿಗುವ 14 ಅಂಕಿಯ ಸಂಖ್ಯೆಯನ್ನು ಪ್ರತಿ ಪ್ಯಾಕೆಟ್ ಮೇಲೆ ಹಾಕಬೇಕು. ಜೊತೆಗೆ ಪದಾರ್ಥದ ಹೆಸರು, ಏನೇನು ಹಾಕಿದ್ದೀರಿ (ಹೆಚ್ಚು ಇರುವುದು ಮೊದಲು), ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ನಿಮ್ಮ ವಿಳಾಸ, ದೂರು ಹೇಳಲು ಫೋನ್ ನಂಬರ್, ಸಸ್ಯಾಹಾರದ ಹಸಿರು ಚುಕ್ಕೆ. ಶೇಂಗಾ ಇದೆ ಎಂಬುದನ್ನು ಎದ್ದು ಕಾಣುವಂತೆ ಬರೆಯಿರಿ. ಕೆಲವರ ಮೈಗೆ ಶೇಂಗಾ ಒಗ್ಗುವುದಿಲ್ಲ, ಪ್ರಾಣಕ್ಕೇ ಬರುತ್ತದೆ. ಪೌಷ್ಟಿಕಾಂಶದ ವಿವರವೂ ಸೇರಿ ಲೇಬಲ್‌ನ ಪೂರ್ಣ ನಿಯಮಗಳನ್ನು ಅಚ್ಚು ಹಾಕಿಸುವ ಮುನ್ನ ಧಾರವಾಡದ ಆಹಾರ ಸುರಕ್ಷತಾ ಅಧಿಕಾರಿಗಳ ಕಚೇರಿಯಲ್ಲಿ ಒಮ್ಮೆ ತೋರಿಸಿ.

ಈ ಮೂರು ತಿಂಗಳು ಆರ್ಡರ್ ತೆಗೆದುಕೊಳ್ಳಲು ವಾಟ್ಸ್ಆ್ಯಪ್ ಬಿಸಿನೆಸ್ ಸಾಕು, ಅದು ಉಚಿತ. ಅದರಲ್ಲಿ ಕ್ಯಾಟಲಾಗ್ (ಫೋಟೊ ಮತ್ತು ಬೆಲೆಯ ಪಟ್ಟಿ) ಇಡಲು ಬರುತ್ತದೆ. ಪರಿಚಯವೇ ಇಲ್ಲದವರಿಂದ ಆರ್ಡರ್ ಬರತೊಡಗಿದಾಗ, ಉತ್ತರ ಕೊಡುವುದರಲ್ಲೇ ಹೊತ್ತು ಹೋಗತೊಡಗಿದಾಗ, ಆಗ ಮಗನಿಗೆ ‘ಈಗ ಮಾಡು’ ಎನ್ನಿ.

ಕಲಘಟಗಿಯವನು. ಅಪ್ಪ ಬಣ್ಣದ ತೊಟ್ಟಿಲು ಮಾಡುತ್ತಾರೆ. ಹೈದರಾಬಾದ್, ಪುಣೆಯಿಂದ ಕೇಳುತ್ತಾರೆ. ಆನ್‌ಲೈನ್ ಮಾರಿದರೆ ಜಿಎಸ್‌ಟಿ ಬೇಕೇ ಬೇಕು, ಇಲ್ಲದಿದ್ದರೆ ದಂಡ ಹಾಕುತ್ತಾರೆ ಎಂದು ಗೆಳೆಯರು ಹೆದರಿಸುತ್ತಾರೆ. ಇದು ನಿಜವೇ? ಇಷ್ಟು ದೊಡ್ಡ ಸಾಮಾನು ಕಳಿಸುವುದಾದರೂ ಹೇಗೆ?

ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅರ್ಧ ನಿಜಕ್ಕೆ ಹೆದರಿ ಅಪ್ಪನ ಕಸುಬಿಗೆ ಬರುವ ಗಿರಾಕಿಯನ್ನು ಬಿಡಬೇಡಿ.

ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರಿಗೆ ವರ್ಷದ ವ್ಯಾಪಾರ 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ. ಸ್ವಂತ ವೆಬ್‌ಸೈಟ್ ಇದೆ ಎಂಬ ಒಂದೇ ಕಾರಣಕ್ಕೆ ಇದು ಬದಲಾಗುವುದಿಲ್ಲ. ಆದರೆ ತೆರಿಗೆ ಇರುವ ಸರಕು ರಾಜ್ಯದ ಗಡಿ ದಾಟಿದರೆ ಮೊದಲ ಮಾರಾಟದಿಂದಲೇ ನೋಂದಣಿ ಬೇಕಾಗುತ್ತದೆ. ಪುಣೆಗೆ ಹೋಗುವ ಒಂದು ತೊಟ್ಟಿಲಿಗೂ ಅದೇ ಮಾತು.

ಕೈಕಸುಬಿನವರಿಗೆ ಇಲ್ಲೊಂದು ವಿನಾಯಿತಿ ಇದೆ. ಸರ್ಕಾರ ಕರಕುಶಲ ವಸ್ತುಗಳದೊಂದು ಪಟ್ಟಿ ಹೊರಡಿಸಿದೆ. ಮುಖ್ಯವಾಗಿ ಕೈಯಿಂದಲೇ ಮಾಡಿದ ಅಂಥ ವಸ್ತುಗಳನ್ನು ಹೊರರಾಜ್ಯಕ್ಕೆ ಕಳಿಸಿದರೂ ಒಟ್ಟು ವ್ಯಾಪಾರ ವರ್ಷಕ್ಕೆ 20 ಲಕ್ಷ ದಾಟದಿದ್ದರೆ ನೋಂದಣಿ ಬೇಡ. ಪ್ಯಾನ್ ಇರಬೇಕು, ಮತ್ತು ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ (ಸರಕು ಸಾಗಣೆಯ ವಿದ್ಯುನ್ಮಾನ ಚೀಟಿ) ಮಾಡಿಸಬೇಕು. ಮರದ ಕಡೆತ ಮತ್ತು ಅರಗಿನ ಬಣ್ಣದ ಕೆಲಸ ಆ ಪಟ್ಟಿಯಲ್ಲಿದೆ. ನಿಮ್ಮ ತೊಟ್ಟಿಲು ಅದೇ ಸಾಲಿಗೆ ಬರುತ್ತದೆಂದು ಹುಬ್ಬಳ್ಳಿಯ ಒಬ್ಬ ತೆರಿಗೆ ಸಲಹೆಗಾರರಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಒಂದು ಸಲದ ಖರ್ಚು, ಬಹುಕಾಲದ ನೆಮ್ಮದಿ.

ಅಳ್ನಾವರದ ತಾಯಿಯವರೂ ಇದನ್ನು ಓದಿಕೊಳ್ಳಲಿ. ಹಿಂಡಿಗೆ ಈ ಕರಕುಶಲ ವಿನಾಯಿತಿ ಇಲ್ಲ. ಆದ್ದರಿಂದ ಮೊದಲ ವರ್ಷ ಅಂಗಡಿಯ ಡೆಲಿವರಿಯನ್ನು ಕರ್ನಾಟಕಕ್ಕೆ ಮಾತ್ರ ಎಂದು ಇಟ್ಟುಕೊಳ್ಳುವುದು ಜಾಣತನ. ಆನ್‌ಲೈನ್ ಅಂಗಡಿಯ ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಹಾಗೆ ಮಾಡಲು ಬರುತ್ತದೆ. ಪುಣೆಯಿಂದ ಕೇಳುವವರು ಹೆಚ್ಚಾದಾಗ ನೋಂದಣಿ ಮಾಡಿಸಿದರಾಯಿತು. ಸರ್ಕಾರಿ ತಾಣದಲ್ಲಿ ಅದಕ್ಕೆ ಶುಲ್ಕವೇ ಇಲ್ಲ. ಆಮೇಲೆ ಕಾಲಕಾಲಕ್ಕೆ ಲೆಕ್ಕಪತ್ರ ಸಲ್ಲಿಸುವುದು ಮಾತ್ರ ತಪ್ಪಬಾರದು.

ತೊಟ್ಟಿಲು ಕಳಿಸುವ ವಿಷಯ. ಕೊರಿಯರ್ ಮರೆತುಬಿಡಿ, ಲಾರಿ ಪಾರ್ಸೆಲ್ ನಿಮಗೆ ಸರಿ. ಕಾಲು, ಅಡ್ಡಪಟ್ಟಿ, ತೊಟ್ಟಿಲು ಬಿಡಿಬಿಡಿಯಾಗಿ ಕಟ್ಟುವಂತೆ ಅಪ್ಪನವರು ಮಾಡಬಲ್ಲರೇ ಕೇಳಿ. ಜೋಡಿಸುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ ಗಿರಾಕಿಗೆ ಕಳಿಸಿ. ಬಣ್ಣ ಹಚ್ಚಿದ ಮೈಗೆ ಮೊದಲು ಮೆತ್ತನೆಯ ಹತ್ತಿ ಬಟ್ಟೆ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ. ಪ್ಲಾಸ್ಟಿಕ್ ನೇರವಾಗಿ ತಾಗಿದರೆ ಬಿಸಿಲಿಗೆ ಅಂಟಿಕೊಂಡು ಬಣ್ಣದ ಹೊಳಪು ಕೆಡಬಹುದು.

ತೊಟ್ಟಿಲು ಬೇಡಿಕೆಯ ಮೇಲೆ ಮಾಡುವ ವಸ್ತು, ಕೈಗೆ ಬರಲು ಸಮಯ ಬೇಕು. ನಿಮ್ಮ ಪುಟದಲ್ಲಿ ‘ಈಗಲೇ ಕೊಳ್ಳಿ’ ಎಂಬ ಗುಂಡಿಗಿಂತ ‘ಮುಂಗಡ ಕೊಟ್ಟು ಹೇಳಿ ಮಾಡಿಸಿ’ ಎಂಬುದು ಸರಿಯಾದೀತು. ಅರ್ಧ ಮುಂಗಡ ಪಡೆಯಿರಿ, ಮುಗಿಯುವ ದಿನಾಂಕವನ್ನು ಬರೆದು ಕೊಡಿ, ಬಣ್ಣ ಹಚ್ಚುವಾಗ ನಡುನಡುವೆ ಒಂದೆರಡು ಫೋಟೊ ಕಳಿಸಿ. ಮಗು ಹುಟ್ಟುವ ಮನೆಯವರು ಕಾಯುತ್ತಿರುತ್ತಾರೆ. ಹೇಳಿದ ದಿನಕ್ಕಿಂತ ತಡವಾಗುವುದಾದರೆ ಅವರು ಕೇಳುವ ಮೊದಲೇ ನೀವು ಫೋನ್ ಮಾಡಿ.

ಅಣ್ಣಿಗೇರಿಯಲ್ಲಿ ನಮ್ಮದು ಬ್ಯಾಡಗಿ ಮೆಣಸಿನಕಾಯಿ ಬೆಳೆ. ಖಾರದಪುಡಿ ಮಾರಲು ಒಂದು ಏಜೆನ್ಸಿಯವರು ವೆಬ್‌ಸೈಟಿಗೆ 65,000 ರೂಪಾಯಿ ಹೇಳಿದ್ದಾರೆ, ವರ್ಷ ವರ್ಷ ಬೇರೆ ಕೊಡಬೇಕಂತೆ. ಕೊಡಬಹುದೇ?

ಸದ್ಯಕ್ಕೆ ಬೇಡ. ನಾಲ್ಕೈದು ಪದಾರ್ಥದ ಅಂಗಡಿಗೆ ಅಷ್ಟು ಹಣ ಬೇಕಾಗುವುದಿಲ್ಲ. ಶಾಪಿಫೈನಂಥವು ತಿಂಗಳ ಬಾಡಿಗೆಗೆ ಸಿದ್ಧ ಅಂಗಡಿ ಕೊಡುತ್ತವೆ. ವರ್ಡ್‌ಪ್ರೆಸ್ ಮೇಲೆ ನಡೆಯುವ ವೂಕಾಮರ್ಸ್ ಎಂಬ ಸಾಫ್ಟ್‌ವೇರ್ ಉಚಿತ. ಡೊಮೈನ್ (ಅಂಗಡಿಯ ಜಾಲವಿಳಾಸ) ಮತ್ತು ಹೋಸ್ಟಿಂಗ್‌ಗೆ (ಅಂಗಡಿಯನ್ನು ಇಡುವ ಜಾಗದ ಬಾಡಿಗೆ) ಮಾತ್ರ ಖರ್ಚು. ‘ಡಾಟ್ ಇನ್’ ವಿಳಾಸಕ್ಕೆ ವರ್ಷಕ್ಕೆ ಸಾವಿರದೊಳಗೆ ಆಗುತ್ತದೆ.

ಯಾರಿಂದಲೇ ಮಾಡಿಸಿ, ಒಂದು ಮಾತು ಬಿಡಬೇಡಿ. ಡೊಮೈನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಿಂದ ನೋಂದಣಿಯಾಗಿರಬೇಕು. ಪೇಮೆಂಟ್ ಗೇಟ್‌ವೇಗೆ ನಿಮ್ಮ ಪ್ಯಾನ್, ನಿಮ್ಮ ಬ್ಯಾಂಕ್ ಖಾತೆ. ಮಾಡಿಕೊಟ್ಟವರ ಹೆಸರಿನಲ್ಲಿ ಡೊಮೈನ್ ಉಳಿದರೆ, ನಾಳೆ ಜಗಳವಾದ ದಿನ ನಿಮ್ಮ ಅಂಗಡಿಯ ಬೋರ್ಡು ಅವರ ಕೈಯಲ್ಲಿರುತ್ತದೆ. ಉದ್ಯಮ್ ನೋಂದಣಿ (ಚಿಕ್ಕ ಉದ್ದಿಮೆಗೆ ಕೇಂದ್ರ ಸರ್ಕಾರ ಕೊಡುವ ಗುರುತು) ಮಾಡಿಸಿಕೊಡುತ್ತೇವೆಂದು ಹಣ ಕೇಳಿದರೂ ಕೊಡಬೇಡಿ. 2020ರ ಜುಲೈ 1ರಿಂದ ನಡೆಯುತ್ತಿರುವ ಆ ನೋಂದಣಿಗೆ ಶುಲ್ಕವೇ ಇಲ್ಲ, ಆಧಾರ್ ಮತ್ತು ಪ್ಯಾನ್ ಸಾಕು.

ನವಲಗುಂದದಲ್ಲಿ ನಮ್ಮ ತಾಯಿ ಜಮಖಾನ ನೇಯುತ್ತಾರೆ. ಫೋಟೊ ಹಾಕಿದರೆ ವಿನ್ಯಾಸ ಕದ್ದು ಮಷೀನಿನಲ್ಲಿ ನೇಯ್ದು ಕಡಿಮೆ ಬೆಲೆಗೆ ಮಾರುತ್ತಾರೆ ಎಂದು ಅವರು ಒಪ್ಪುತ್ತಿಲ್ಲ. ಅಮೆಜಾನ್, ಫ್ಲಿಪ್‌ಕಾರ್ಟ್ ಬಿಟ್ಟು ಸ್ವಂತ ಅಂಗಡಿಯೇ ಏಕೆ ಬೇಕು ಎಂಬುದೂ ನನ್ನ ಪ್ರಶ್ನೆ.

ನಿಮ್ಮ ತಾಯಿಯವರ ಆತಂಕ ಸರಿಯಾದದ್ದೇ, ಅದನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕಬೇಡಿ. ನವಿಲು, ಪಗಡೆಹಾಸಿನ ಆ ಚಿತ್ತಾರಗಳನ್ನು ನೇಕಾರ ಮನೆಗಳ ಹೆಣ್ಣುಮಕ್ಕಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಈಗ ನೇಯುವವರು ಬೆರಳೆಣಿಕೆಯಷ್ಟೇ ಉಳಿದಿರುವಾಗ ಅವರ ಎಚ್ಚರಕ್ಕೆ ಬೆಲೆ ಕೊಡಬೇಕು.

ಆದರೂ ಅವರಿಗೆ ಧೈರ್ಯ ಹೇಳಲು ಒಂದು ಆಧಾರ ಇದೆ. ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತು (ಒಂದು ಊರಿನ ವಿಶಿಷ್ಟ ವಸ್ತುವಿನ ಹೆಸರಿಗೆ ಕಾನೂನು ಕೊಡುವ ರಕ್ಷಣೆ, ಜಿಐ ಎಂದು ಕರೆಯುತ್ತಾರೆ) ಸಿಕ್ಕಿದೆ. ಧಾರವಾಡ ಪೇಡಾ, ಬ್ಯಾಡಗಿ ಮೆಣಸಿನಕಾಯಿಗಳಿಗೂ ಸಿಕ್ಕಿದೆ. ಬೇರೆಲ್ಲೋ ಮಷೀನಿನಲ್ಲಿ ನೇಯ್ದದ್ದನ್ನು ‘ನವಲಗುಂದ ಜಮಖಾನ’ ಎಂದು ಮಾರುವಂತಿಲ್ಲ. ನಿಮ್ಮ ತಾಯಿಯವರು ಚೆನ್ನೈನಲ್ಲಿರುವ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ (ಆ ಹೆಸರನ್ನು ಬಳಸುವ ಹಕ್ಕುಳ್ಳವರಾಗಿ) ಹೆಸರು ಬರೆಸಿಕೊಂಡರೆ, ಆ ಸಂಖ್ಯೆಯನ್ನು ಅಂಗಡಿಯ ಪುಟದಲ್ಲಿ ಹಾಕಬಹುದು. ನಕಲಿಯವರಿಗೆ ಅದು ಆಗದು. ಹೆಸರಿಗೆ ಸಿಗುವ ಈ ರಕ್ಷಣೆ ಪ್ರತಿಯೊಂದು ಚಿತ್ತಾರಕ್ಕೂ ಹಾಗೆಯೇ ಸಿಗುವುದಿಲ್ಲ ಎಂಬುದನ್ನೂ ತಾಯಿಯವರಿಗೆ ತಿಳಿಸಿ. ಹೊಸದಾಗಿ ಮಾಡಿದ ಚಿತ್ತಾರವನ್ನು ಪೂರ್ತಿ ತೋರಿಸದೆ ಒಂದು ಮೂಲೆಯ ಫೋಟೊ ಮಾತ್ರ ಹಾಕುವುದು ಅವರ ಇಷ್ಟಕ್ಕೆ ಬಿಟ್ಟದ್ದು.

ಎರಡನೆಯ ಪ್ರಶ್ನೆ. ಅಮೆಜಾನ್, ಫ್ಲಿಪ್‌ಕಾರ್ಟ್ ಎಂದರೆ ದೊಡ್ಡ ಸಂತೆ. ಅಲ್ಲಿ ಜನ ತಾವಾಗಿಯೇ ಬರುತ್ತಾರೆ, ಆದರೆ ನಿಮ್ಮ ಜಮಖಾನದ ಪಕ್ಕದಲ್ಲೇ ಅದರ ಕಾಲು ಭಾಗ ಬೆಲೆಯ ಮಷೀನ್ ಹಾಸನ್ನೂ ಹರವಿರುತ್ತಾರೆ. ಪ್ರತಿ ಮಾರಾಟದಲ್ಲೂ ಸಂತೆಯವರಿಗೆ ಪಾಲು ಹೋಗುತ್ತದೆ, ಕೊಂಡವರು ಯಾರೆಂಬುದೂ ನಿಮಗೆ ಸರಿಯಾಗಿ ಗೊತ್ತಾಗುವುದಿಲ್ಲ. ಸ್ವಂತ ಅಂಗಡಿಗೆ ದಾರಿಯನ್ನು ನೀವೇ ತೋರಿಸಬೇಕು, ಅದು ನಿಧಾನದ ಕೆಲಸ. ಆದರೆ ಅಲ್ಲಿಗೆ ಬಂದವರು ನಿಮ್ಮ ಜಮಖಾನವನ್ನೇ ನೋಡಲು ಬಂದಿರುತ್ತಾರೆ. ಬೆಲೆ ಹೆಚ್ಚಿರುವ, ಕತೆ ಹೇಳಬೇಕಾಗುವ ಕೈವಸ್ತುವಿಗೆ ಸ್ವಂತ ಅಂಗಡಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಖಾರದಪುಡಿ, ಬೆಲ್ಲದಂಥವಕ್ಕೆ ನಾನು ಇಷ್ಟು ಖಚಿತವಾಗಿ ಹೇಳಲಾರೆ. ಅವನ್ನು ಎರಡೂ ಕಡೆ ಇಟ್ಟು ನೋಡಬಹುದು. ರಾಜ್ಯದೊಳಗೆ ಮಾತ್ರ ಮಾರುವ ಚಿಕ್ಕ ವ್ಯಾಪಾರಿಗಳಿಗೆ 2023ರ ಅಕ್ಟೋಬರ್ 1ರಿಂದ ಇಂಥ ತಾಣಗಳಲ್ಲಿ ಜಿಎಸ್‌ಟಿ ನೋಂದಣಿಯ ಕಡ್ಡಾಯವೂ ಸಡಿಲವಾಗಿದೆ.

ಫೋಟೊ ತೆಗೆಯುವಾಗ ಬೆಳಗಿನ ಹೊತ್ತು ಬಾಗಿಲ ಬಳಿ ಹಾಸಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಒಂದು ಇಡೀ ಜಮಖಾನ, ಒಂದು ಅಂಚು, ಒಂದು ಹಿಂಬದಿ, ಇನ್ನೊಂದು ಮಗ್ಗದ ಮೇಲೆ ತಾಯಿಯವರ ಕೈ. ಅವರು ಮುಖ ಬೇಡ ಎಂದರೆ ಕೈ ಸಾಕು.

ಅಳ್ನಾವರ ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ. ನನ್ನ ತಂಗಿ ಕೌದಿ ಹೊಲಿಯುತ್ತಾಳೆ. ಫೇಸ್‌ಬುಕ್‌ನಲ್ಲಿ ಫೋಟೊ ಹಾಕಿದ್ದೆವು. ಸೈನ್ಯದ ಅಧಿಕಾರಿ ಎಂದು ಒಬ್ಬ ಫೋನ್ ಮಾಡಿ ಇಪ್ಪತ್ತು ಕೌದಿ ಬೇಕೆಂದ. ಮುಂಗಡ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಎಂದ. ಮಾಡಿದೆವು, ನಮ್ಮ ಖಾತೆಯಿಂದಲೇ 9,000 ಹೋಯಿತು. ತಂಗಿ ಅಳುತ್ತ ಕೂತಿದ್ದಾಳೆ, ಇನ್ನು ಆನ್‌ಲೈನ್ ಬೇಡವೇ ಬೇಡ ಎನ್ನುತ್ತಾಳೆ.

ಮೊದಲು ತಂಗಿಗೆ ಹೇಳಿ: ಇದರಲ್ಲಿ ಅವಳ ತಪ್ಪಿಲ್ಲ. ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡಿದವರೂ ಇದೇ ಬಗೆಯ ಮೋಸಕ್ಕೆ ಸಿಕ್ಕಿದ್ದಾರೆ. ಸೈನ್ಯದ ಮೇಲೆ ನಮ್ಮ ಜನಕ್ಕಿರುವ ಗೌರವವನ್ನೇ ಈ ಮೋಸಗಾರರು ಬಳಸಿಕೊಳ್ಳುತ್ತಾರೆ.

ಈಗಲೇ 1930ಕ್ಕೆ ಫೋನ್ ಮಾಡಿ. ಅದು ಆನ್‌ಲೈನ್ ಹಣದ ವಂಚನೆಗೆಂದೇ ಇರುವ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟದಂತೆ ತಡೆಯುವ ಸಾಧ್ಯತೆ ಹೆಚ್ಚು. ದಿನಗಳು ಕಳೆದಿದ್ದರೂ ದೂರು ಕೊಡದೆ ಇರಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ, ನಿಮ್ಮ ಬ್ಯಾಂಕ್ ಶಾಖೆಗೂ ಬರೆದು ಕೊಡಿ. ಆ ಫೋನ್ ನಂಬರ್, ಸಂದೇಶಗಳು, ವ್ಯವಹಾರದ ಸಂಖ್ಯೆ ಯಾವುದನ್ನೂ ಅಳಿಸಬೇಡಿ.

ಮುಂದಕ್ಕೆ ಮನೆಮಂದಿಯೆಲ್ಲ ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ: ಹಣ ಬರುವುದಕ್ಕೆ ಪಿನ್ ಹಾಕಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಹಾಗೆಯೇ ‘ಹಣ ಹಾಕಿದ್ದೇನೆ, ನೋಡಿ’ ಎಂದು ಯಾರಾದರೂ ಫೋಟೊ ಕಳಿಸಿದರೆ ಆ ಫೋಟೊ ನಂಬಿ ಪಾರ್ಸೆಲ್ ಕಟ್ಟಬೇಡಿ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು, ಖಾತೆಗೆ ಬಂದಿರುವುದನ್ನು ಕಣ್ಣಾರೆ ನೋಡಿ ಕಟ್ಟಿ. ವ್ಯಾಪಾರಕ್ಕೆಂದೇ ಬೇರೆ ಖಾತೆ ತೆರೆದು, ಅದರಲ್ಲಿ ಹೆಚ್ಚು ಹಣ ಉಳಿಸಬೇಡಿ. ಮನೆಯ ಉಳಿತಾಯ ಇರುವ ಖಾತೆ ಫೋನಿಗೆ ಅಂಟಿಕೊಂಡಿರಬಾರದು.

ಇಂಥ ಮೋಸಕ್ಕೆ ಸ್ವಂತ ಅಂಗಡಿಯೇ ಒಂದು ತಡೆ ಎಂಬುದನ್ನು ತಂಗಿಗೆ ನಿಧಾನವಾಗಿ ತಿಳಿಸಿ. ಅಲ್ಲಿ ಗಿರಾಕಿ ಗೇಟ್‌ವೇ ಮೂಲಕ ಹಣ ಕಟ್ಟಿದ ಮೇಲೆಯೇ ಆರ್ಡರ್ ದಾಖಲಾಗುತ್ತದೆ. ಫೋನಿನಲ್ಲಿ ಚೌಕಾಸಿ ಇಲ್ಲ, ಕ್ಯೂಆರ್ ವಿನಿಮಯ ಇಲ್ಲ. ‘ದೊಡ್ಡ ಆರ್ಡರ್ ಇದೆ’ ಎಂದು ಯಾರೇ ಫೋನ್ ಮಾಡಲಿ, ‘ನಮ್ಮ ಅಂಗಡಿಯ ಪುಟದಲ್ಲಿ ಹಾಕಿರಿ’ ಎನ್ನುವುದೊಂದೇ ಉತ್ತರ.

ಕೌದಿ ಕಳಿಸುವಾಗ ಇನ್ನೊಂದು ಸಂಗತಿ ತಿಳಿದಿರಬೇಕು. ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ಅಲ್ಲ, ಗಾತ್ರದ ತೂಕವನ್ನೂ ನೋಡುತ್ತಾರೆ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಮೂರು ಕಿಲೋ ತೂಗುವ ಕೌದಿಯನ್ನು 40, 30, 20 ಸೆಂಟಿಮೀಟರಿನ ಡಬ್ಬಿಯಲ್ಲಿ ಹಾಕಿದರೆ 4.8 ಕಿಲೋ ಲೆಕ್ಕ ಹಿಡಿಯುತ್ತಾರೆ. ಅದೇ ಕೌದಿಯನ್ನು ಬಿಗಿಯಾಗಿ ಮಡಚಿ, ಹಗ್ಗ ಬಿಗಿದು, ಎತ್ತರ 12 ಸೆಂಟಿಮೀಟರಿಗೆ ಇಳಿಸಿದರೆ ಗಾತ್ರದ ತೂಕ 2.88 ಕಿಲೋ. ಆಗ ನಿಜವಾದ ಮೂರು ಕಿಲೋಗೆ ಮಾತ್ರ ಕೊಡುತ್ತೀರಿ. ಅಂಚೆ ಕಚೇರಿಯ ದರವನ್ನೂ ಕೇಳಿ ಹೋಲಿಸಿ. ಖಾಸಗಿಯವರು ಹೋಗದ ಹಳ್ಳಿಗೂ ಅಂಚೆಯಣ್ಣ ಹೋಗುತ್ತಾನೆ.

‘ವಸ್ತು ಕೈಗೆ ಬಂದ ಮೇಲೆ ಹಣ’ ಎಂಬ ಪದ್ಧತಿಯನ್ನು ಸದ್ಯ ಇಡಬೇಡಿ. ಗಿರಾಕಿ ಬಾಗಿಲಲ್ಲೇ ಬೇಡವೆಂದರೆ ಹೋಗಿ ಬರುವ ಎರಡೂ ಖರ್ಚು ನಿಮ್ಮ ತಲೆಗೆ. ಅವರಿಗೆ ನಂಬಿಕೆ ಬರಲು ಬೇರೆ ದಾರಿಗಳಿವೆ. ಹೊಲಿಗೆಯ ಹಿಂಬದಿಯ ಫೋಟೊ, ತಂಗಿ ಹೊಲಿಯುವ ಚಿಕ್ಕ ವಿಡಿಯೊ, ಒಗೆಯುವ ವಿಧಾನ, ಅಳತೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯಲ್ಲಿ ಮೂಲೆಗಳಿಗೆ ಮಡಚಿ ಹೊಲಿದ ಬಟ್ಟೆಯ ಹೂ ಇರುತ್ತದೆ, ಅದಿಲ್ಲದೆ ಅವರು ಕೌದಿ ಮುಗಿಯಿತೆನ್ನುವುದಿಲ್ಲ. ನಿಮ್ಮ ತಂಗಿಯ ಕೆಲಸದಲ್ಲೂ ಅವಳದೇ ಆದ ಒಂದು ಗುರುತು ಇದ್ದೇ ಇರುತ್ತದೆ. ಅದನ್ನು ಹತ್ತಿರದಿಂದ ತೋರಿಸಿ, ಅದರ ಬಗ್ಗೆ ಎರಡು ಸಾಲು ಬರೆಯಿರಿ.

ಕುಂದಗೋಳ ತಾಲ್ಲೂಕಿನ ಸ್ವಸಹಾಯ ಸಂಘದವರು ನಾವು. ಸಾವೆ, ನವಣೆ, ಶಾವಿಗೆ ಮಾರುವ ಆಸೆ. ನಮ್ಮಲ್ಲಿ ಹೆಚ್ಚು ಓದಿದವರಿಲ್ಲ. ಗುಂಪಿನಿಂದ ಆನ್‌ಲೈನ್ ಅಂಗಡಿ ನಡೆಸಬಹುದೇ? ದುಡ್ಡಿನ ವಿಷಯಕ್ಕೆ ಜಗಳವಾದರೆ ಏನು ಗತಿ?

ಖಂಡಿತ ನಡೆಸಬಹುದು. ನಿಮ್ಮ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ ನಿಮ್ಮ ಕಣ್ಣೆದುರೇ ಇದೆ. 2018ರಲ್ಲಿ 15 ಹೆಣ್ಣುಮಕ್ಕಳು ಸೇರಿ ಕಟ್ಟಿದ್ದು. ಸಹಜ ಸಮೃದ್ಧ ಸಂಸ್ಥೆಯ ನೆರವಿನಿಂದ ಬೀಜ ಬ್ಯಾಂಕು, ಸಿರಿಧಾನ್ಯ ಸಂಸ್ಕರಣಾ ಘಟಕ ನಡೆಸಿ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಪಡೆದರು. ಅವರೂ ಮೊದಲು ಬೀಜ, ಧಾನ್ಯ, ಯಂತ್ರ ಇವನ್ನೇ ಗಟ್ಟಿ ಮಾಡಿಕೊಂಡವರು. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ಅವರ ಕೆಲಸ ನೋಡಿ ಬನ್ನಿ.

ಜಗಳದ ಭಯವನ್ನು ಮುಚ್ಚಿಡದೆ ಬರೆದಿದ್ದೀರಿ, ಅದಕ್ಕೆ ಸಂತೋಷ. ಹಣ ಒಬ್ಬರ ಫೋನಿಗೆ ಬಂದರೆ ಎಂಥ ಒಳ್ಳೆಯ ಗುಂಪಿನಲ್ಲೂ ಅನುಮಾನ ಹುಟ್ಟುತ್ತದೆ. ಗೇಟ್‌ವೇಗೆ ಸಂಘದ ಹೆಸರಿನ ಬ್ಯಾಂಕ್ ಖಾತೆಯನ್ನೇ ಕೊಡಿ. ಆರ್ಡರ್ ನೋಡಿ ಬರೆದುಕೊಳ್ಳುವವರು ಒಬ್ಬರು, ಪ್ಯಾಕ್ ಮಾಡುವವರು ಇಬ್ಬರು, ಲೆಕ್ಕ ಬರೆಯುವವರು ಇನ್ನೊಬ್ಬರು ಎಂದು ಕೆಲಸ ಹಂಚಿಕೊಳ್ಳಿ. ಅಂಗಡಿಯ ಪಾಸ್‌ವರ್ಡ್ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ಪ್ಯಾಕ್ ಮಾಡಿದವರಿಗೆ ಕೂಲಿ ಆ ವಾರವೇ ಕೊಡಿ, ಲಾಭವನ್ನು ತಿಂಗಳ ಸಭೆಯಲ್ಲಿ ಎಲ್ಲರೆದುರು ಓದಿ ಹೇಳಿ.

ಗಿರಾಕಿಯ ದೂರಿಗೂ ಒಬ್ಬರು ಹೊಣೆ ಹೊರಬೇಕು. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳಂತೆ ಆನ್‌ಲೈನ್ ಅಂಗಡಿಯವರು ತಮ್ಮ ಪೂರ್ಣ ಹೆಸರು, ವಿಳಾಸ, ದೂರು ಕೇಳುವವರ ಹೆಸರು ಮತ್ತು ಫೋನ್ ಪುಟದಲ್ಲಿ ಹಾಕಬೇಕು. ದೂರು ಬಂದ 48 ಗಂಟೆಯೊಳಗೆ ‘ನಿಮ್ಮ ಮಾತು ತಲುಪಿದೆ’ ಎಂದು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ನವಣೆಯಲ್ಲಿ ಹುಳ ಬಂತು, ಶಾವಿಗೆ ಪುಡಿಯಾಯಿತು ಎಂಬ ದೂರು ಬಂದೇ ಬರುತ್ತದೆ. ಬಂದಾಗ ಫೋಟೊ ಕೇಳಿ, ವಾದ ಮಾಡದೆ ಬೇರೆ ಪ್ಯಾಕೆಟ್ ಕಳಿಸಿ, ಯಾವ ದಿನ ತಯಾರಿಸಿದ ಕಂತಿನದೆಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ಕಂತಿನ ಮೇಲೆ ಎರಡನೆಯ ದೂರು ಬಂದರೆ ಆ ಕಂತಿನ ಉಳಿದ ಪ್ಯಾಕೆಟ್‌ಗಳನ್ನು ಮಾರದೆ ತೆಗೆದಿಡಿ, ಆಗಲೇ ಕೊಂಡವರಿಗೆ ನೀವೇ ಫೋನ್ ಮಾಡಿ ಹೇಳಿ.